ಒಂದು ಕಿಲೊಲೀಟರ್ ನೀರಿನ ಲೆಕ್ಕ

ನಿಮ್ಮ ಮನೆಗೆ ನಗರಸಭೆಯ ಅಥವಾ ಜಲಮಂಡಳಿಯ ನಲ್ಲಿ ಸಂಪರ್ಕವಿದ್ದರೆ ತಿಂಗಳಿಗೊಮ್ಮೆ ಬಿಲ್ಲು ಬರುತ್ತದೆ. ಅದರಲ್ಲಿ ಬಳಸಿದ ನೀರಿನ ಪ್ರಮಾಣ, ನೀರಿನ ಶುಲ್ಕ, ಒಳಚರಂಡಿ ಶುಲ್ಕ ಇತ್ಯಾದಿ ನಮೂದಾಗಿರುತ್ತವೆ. ದರ ಏರಿದಾಗ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ, ಪ್ರತಿಭಟನೆಗಳೂ ನಡೆಯುತ್ತವೆ. ಆದರೆ ಈ ದರವನ್ನು ಯಾವ ಆಧಾರದ ಮೇಲೆ ನಿಗದಿ ಮಾಡಬೇಕು ಎಂದು ನೀವು ಯೋಚಿಸಿದ್ದೀರಾ? ಮಳೆ ನೀರು ಪುಕ್ಕಟೆ, ನದಿ ನೀರೂ ಪುಕ್ಕಟೆ. ಹಾಗಿದ್ದರೆ ನಲ್ಲಿ ನೀರಿಗೆ ಬೆಲೆ ಏಕೆ?

ನಾವು ಕೊಡುವ ಹಣ ನೀರಿಗಲ್ಲ, ನೀರನ್ನು ಮನೆಗೆ ತರುವ ಕೆಲಸಕ್ಕೆ ಮತ್ತು ಬಳಸಿದ ಮೇಲೆ ಅದನ್ನು ಒಯ್ದು ಶುದ್ಧಗೊಳಿಸುವ ಕೆಲಸಕ್ಕೆ. ಈ ಕೆಲಸದ ಖರ್ಚನ್ನು ಹೈಸ್ಕೂಲಿನ ಭೌತಶಾಸ್ತ್ರ ಮತ್ತು ಸರಳ ಗಣಿತದಿಂದಲೇ ಅಂದಾಜು ಮಾಡಬಹುದು. ಇದಕ್ಕೆ ಬೆಂಗಳೂರು ಒಳ್ಳೆಯ ಉದಾಹರಣೆ.

ದೂರವಾದ ನೀರು

ಬೆಂಗಳೂರು ಯಾವ ದೊಡ್ಡ ನದಿಯ ದಂಡೆಯಲ್ಲೂ ಇಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಅದು ಕೂತಿದೆ. 19ನೆಯ ಶತಮಾನದ ಕೊನೆಯಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಿಂದ ನಗರಕ್ಕೆ ನೀರು ಬಂತು. ಅದು ಸಾಲದಾದಾಗ ಕಾವೇರಿಯತ್ತ ಮುಖ ಮಾಡಬೇಕಾಯಿತು. 1964ರ ಕಾಯಿದೆಯಂತೆ ರಚನೆಯಾದ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ 1974ರಲ್ಲಿ ಕಾವೇರಿ ಮೊದಲ ಹಂತದ ನೀರನ್ನು ತಂದಿತು. ಮುಂದಿನ ಹಂತಗಳು 1982, 1993, 2002 ಮತ್ತು 2012ರಲ್ಲಿ ಬಂದವು. ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು.

ಈ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣಗೊಂಡು, ಹಾರೋಹಳ್ಳಿ ಮತ್ತು ತಾತಗುಣಿಯ ಪಂಪುಮನೆಗಳನ್ನು ದಾಟಿ, ಸುಮಾರು 100 ಕಿಲೊಮೀಟರ್ ಸಾಗಿ ಬರುತ್ತದೆ. ನೆಲದ ಏರು ಮತ್ತು ಕೊಳವೆಯೊಳಗಿನ ಘರ್ಷಣೆ ಎರಡನ್ನೂ ಸೇರಿಸಿದರೆ, ಪಂಪುಗಳು ನೀರನ್ನು ಸುಮಾರು 500 ಮೀಟರ್ ನೇರ ಮೇಲೆತ್ತುವುದಕ್ಕೆ ಸಮನಾದ ಕೆಲಸ ಮಾಡಬೇಕು.

ಪಂಪಿನ ಲೆಕ್ಕ

ಒಂದು ಕಿಲೊಲೀಟರ್ ಎಂದರೆ 1,000 ಲೀಟರ್. ಅದರ ದ್ರವ್ಯರಾಶಿ 1,000 ಕಿಲೊಗ್ರಾಂ. ಇದನ್ನು 500 ಮೀಟರ್ ಎತ್ತಲು ಬೇಕಾದ ಶಕ್ತಿ ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರ ಇವುಗಳ ಗುಣಲಬ್ಧ. ಅಂದರೆ 1,000 × 9.8 × 500 = 49 ಲಕ್ಷ ಜೂಲ್. ಒಂದು ಯೂನಿಟ್ ವಿದ್ಯುತ್ತು 36 ಲಕ್ಷ ಜೂಲ್‌ಗೆ ಸಮ. ಆದ್ದರಿಂದ ಬೇಕಾದದ್ದು 1.36 ಯೂನಿಟ್.

ಆದರೆ ಯಾವ ಪಂಪೂ ನೂರಕ್ಕೆ ನೂರು ದಕ್ಷವಲ್ಲ. ಪಂಪು ಮತ್ತು ಮೋಟಾರು ಸೇರಿ ದಕ್ಷತೆ ಶೇಕಡ 75 ಎಂದಿಟ್ಟುಕೊಳ್ಳಿ. ಆಗ ಸುಮಾರು 1.8 ಯೂನಿಟ್ ಬೇಕು. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ, ಪ್ರತಿ ಕಿಲೊಲೀಟರಿಗೆ ವಿದ್ಯುತ್ತಿಗೇ ಸುಮಾರು 11 ರೂಪಾಯಿ.

ಈಗ ಸೋರಿಕೆಯ ವಿಷಯ. ಕೊಳವೆ ಸೋರುವುದು, ಮೀಟರು ಸರಿಯಾಗಿ ಓಡದಿರುವುದು, ಕಳ್ಳ ಸಂಪರ್ಕ ಇವೆಲ್ಲದರಿಂದ ಪಂಪು ಮಾಡಿದ ನೀರಿನ ಒಂದಷ್ಟು ಭಾಗ ಬಿಲ್ಲಿಗೆ ಬರುವುದೇ ಇಲ್ಲ. ಇದಕ್ಕೆ 'ಲೆಕ್ಕಕ್ಕೆ ಸಿಗದ ನೀರು' ಎನ್ನುತ್ತಾರೆ. ಬೆಂಗಳೂರಿನಲ್ಲಿ ಇದು ಕಾಲುಭಾಗಕ್ಕೂ ಹೆಚ್ಚು. ಕಾಲುಭಾಗವೆಂದೇ ಇಟ್ಟುಕೊಂಡರೂ ನಾಲ್ಕು ಕಿಲೊಲೀಟರಿನ ವಿದ್ಯುತ್ ಖರ್ಚು ಮೂರು ಕಿಲೊಲೀಟರಿನ ಮೇಲೆ ಬೀಳುತ್ತದೆ. ಆಗ 11 ರೂಪಾಯಿ ಇದ್ದದ್ದು ಸುಮಾರು ಹದಿನಾಲ್ಕೂವರೆ ರೂಪಾಯಿ ಆಗುತ್ತದೆ.

ಕೊಳವೆಯ ಲೆಕ್ಕ

ಪಂಪು ಓಡದಿದ್ದರೆ ವಿದ್ಯುತ್ ಖರ್ಚಿಲ್ಲ. ಆದರೆ ನೆಲದಡಿ ಹೂತ ಕೊಳವೆಯ ಖರ್ಚು ಹಾಗಲ್ಲ. ನೀರು ಹರಿಯಲಿ ಬಿಡಲಿ, ಅದಕ್ಕೆ ಮಾಡಿದ ಸಾಲ ತೀರಬೇಕು, ಹಳತಾದಾಗ ಬದಲಿಸಲು ಹಣ ಕೂಡಬೇಕು. ಇದು ಸ್ಥಿರ ವೆಚ್ಚ.

ಕಾವೇರಿ ಐದನೆಯ ಹಂತಕ್ಕೆ ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆಯ ಸಾಲ ಪಡೆಯಲಾಯಿತು. ಖರ್ಚು 4,000 ಕೋಟಿ ರೂಪಾಯಿ ಮೀರಿತು. ಲೆಕ್ಕ ಸುಲಭವಾಗಲು 4,000 ಕೋಟಿಯನ್ನೇ ಹಿಡಿಯೋಣ. ಬಡ್ಡಿಯನ್ನು ಬಿಟ್ಟು 30 ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 133 ಕೋಟಿ. ದಿನಕ್ಕೆ 775 ದಶಲಕ್ಷ ಲೀಟರ್ ಎಂದರೆ ವರ್ಷಕ್ಕೆ ಸುಮಾರು 28 ಕೋಟಿ ಕಿಲೊಲೀಟರ್. ಕಾಲುಭಾಗ ಸೋರಿದರೆ ಬಿಲ್ಲಿಗೆ ಸಿಗುವುದು 21 ಕೋಟಿ. ಪ್ರತಿ ಕಿಲೊಲೀಟರಿನ ಪಾಲು ಆರು ರೂಪಾಯಿಗಿಂತ ಸ್ವಲ್ಪ ಹೆಚ್ಚು.

ವಿದ್ಯುತ್ತು ಮತ್ತು ಮುಖ್ಯ ಕೊಳವೆಮಾರ್ಗ ಎರಡೇ ಸೇರಿ ಸುಮಾರು 21 ರೂಪಾಯಿ ಆಯಿತು. ಪಟಿಕ, ಕ್ಲೋರಿನ್, ಸಿಬ್ಬಂದಿಯ ಸಂಬಳ, ಬೀದಿ ಬೀದಿಯ ಕೊಳವೆಗಳು, ದುರಸ್ತಿ, ಬಡ್ಡಿ ಯಾವುದೂ ಇದರಲ್ಲಿ ಸೇರಿಲ್ಲ.

ಈಗ ದರ ನೋಡಿ. 2014ರ ನವೆಂಬರಿನಲ್ಲಿ ನಿಗದಿಯಾದಂತೆ ಗೃಹಬಳಕೆಗೆ ತಿಂಗಳ ಮೊದಲ 8 ಕಿಲೊಲೀಟರಿಗೆ ತಲಾ 7 ರೂಪಾಯಿ, 8ರಿಂದ 25ರವರೆಗೆ 11 ರೂಪಾಯಿ, 25ರಿಂದ 50ರವರೆಗೆ 26 ರೂಪಾಯಿ, ಅದರ ಮೇಲೆ 45 ರೂಪಾಯಿ ಇತ್ತು. ಈ ದರ 2025ರ ಏಪ್ರಿಲ್‌ವರೆಗೂ ಬದಲಾಗಲಿಲ್ಲ. ನಗರಗಳಿಗೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದ ಮಾನದಂಡ. ನಾಲ್ವರ ಕುಟುಂಬಕ್ಕೆ ತಿಂಗಳಿಗೆ ಸುಮಾರು 16 ಕಿಲೊಲೀಟರ್ ಬೇಕು. ಅದರ ನೀರಿನ ಶುಲ್ಕ 56 + 88 = 144 ರೂಪಾಯಿ. ಸರಾಸರಿ ಕಿಲೊಲೀಟರಿಗೆ 9 ರೂಪಾಯಿ. ನಮ್ಮ ಅಂದಾಜಿನಂತೆ ಇದು ಪಂಪಿನ ವಿದ್ಯುತ್ತಿಗೂ ಸಾಲದು.

ಕಡಿಮೆ ದರದ ಲಾಭ ಯಾರಿಗೆ?

"ನೀರು ಜೀವಜಲ, ಬಡವರಿಗೆ ಅಗ್ಗವಾಗಿಯೇ ಸಿಗಬೇಕು" ಎಂದು ನೀವು ಹೇಳಬಹುದು. ಮಾತು ಸರಿ. ಆದರೆ ಅಗ್ಗದ ನಲ್ಲಿ ನೀರು ಸಿಗುವುದು ನಲ್ಲಿ ಇರುವವರಿಗೆ ಮಾತ್ರ.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಅನೇಕ ಕೊಳವೆಬಾವಿಗಳು ಬತ್ತಿದವು. ನಗರದ ಹೊರವಲಯದಲ್ಲಿ ಕಾವೇರಿ ಸಂಪರ್ಕವಿಲ್ಲದ ಮನೆಗಳು ಟ್ಯಾಂಕರಿಗೆ ಕಾಯಬೇಕಾಯಿತು. ಟ್ಯಾಂಕರ್ ದರ ಏರುತ್ತಾ ಹೋದಾಗ ಜಿಲ್ಲಾಡಳಿತ ಮಾರ್ಚ್ ತಿಂಗಳಿನಲ್ಲಿ ಗರಿಷ್ಠ ದರ ಗೊತ್ತುಪಡಿಸಿತು. 5 ಕಿಲೊಮೀಟರಿನೊಳಗೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ. ಅಂದರೆ ಹತೋಟಿಯ ದರದಲ್ಲೂ ಕಿಲೊಲೀಟರಿಗೆ 100 ರೂಪಾಯಿ! ಅದೇ 16 ಕಿಲೊಲೀಟರಿಗೆ 144 ರೂಪಾಯಿಯ ಬದಲು 1,600 ರೂಪಾಯಿ.

ಇಲ್ಲೊಂದು ವಿಷಚಕ್ರವಿದೆ. ದರ ಖರ್ಚಿಗಿಂತ ಕಡಿಮೆಯಿದ್ದರೆ ಮಂಡಳಿಯ ಕೈಯಲ್ಲಿ ಹಣ ಉಳಿಯುವುದಿಲ್ಲ. ಹಣವಿಲ್ಲದೆ ಹೊಸ ಬಡಾವಣೆಗೆ ಕೊಳವೆ ಹೋಗುವುದಿಲ್ಲ, ಹಳೆಯ ಕೊಳವೆಯ ಸೋರಿಕೆ ನಿಲ್ಲುವುದಿಲ್ಲ. ಕೊಳವೆ ತಲುಪದವರು ಟ್ಯಾಂಕರಿಗೆ ಹತ್ತು ಪಟ್ಟು ಕೊಡುತ್ತಾರೆ. ಬಡವರ ಹೆಸರಿನಲ್ಲಿ ತಡೆಹಿಡಿದ ದರದ ಲಾಭ ಹೆಚ್ಚಾಗಿ ನಲ್ಲಿಯಿರುವ ಉಳ್ಳವರಿಗೇ ಸಲ್ಲುತ್ತದೆ.

ಹಾಗೆಂದು ಪೂರ್ತಿ ಖರ್ಚನ್ನು ಬಳಕೆದಾರರಿಂದಲೇ ವಸೂಲು ಮಾಡಬೇಕೆಂದಿಲ್ಲ. ಹಣದ ಮೂಲಗಳು ಮೂರು: ಬಳಕೆದಾರರ ಶುಲ್ಕ, ಸರ್ಕಾರ ತೆರಿಗೆಯಿಂದ ಕೊಡುವ ಹಣ, ಹೊರಗಿನ ನೆರವು. ಸಾಲ ನಾಲ್ಕನೆಯ ಮೂಲವಲ್ಲ, ಏಕೆಂದರೆ ಈ ಮೂರರಲ್ಲಿ ಯಾವುದಾದರೊಂದು ಅದನ್ನು ತೀರಿಸಲೇಬೇಕು. ಯಾವುದು ಎಷ್ಟು ಪಾಲು ಹೊರಬೇಕು ಎಂಬುದು ಜನರು ಮತ್ತು ಅವರ ಪ್ರತಿನಿಧಿಗಳು ತೀರ್ಮಾನಿಸಬೇಕಾದ ವಿಷಯ. ಲೆಕ್ಕ ಮಾತ್ರ ಎಲ್ಲರ ಕಣ್ಣಿಗೂ ಕಾಣುವಂತಿರಬೇಕು.

ಹಂತದರದ ಗುಣದೋಷ

ಬಳಕೆ ಹೆಚ್ಚಿದಂತೆ ದರವೂ ಏರುವ ಕ್ರಮಕ್ಕೆ ಹಂತದರ ಎನ್ನೋಣ. ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಬೇಕಾದಷ್ಟು ಅಗ್ಗ. ಕಾರು ತೊಳೆಯಲು, ಹುಲ್ಲುಹಾಸಿಗೆ ಬಳಸಿದರೆ ದುಬಾರಿ. ಇದು ಉಳಿತಾಯವನ್ನೂ ಕಲಿಸುತ್ತದೆ.

ಆದರೆ ಮೀಟರಿಗೆ ನೀರು ಗೊತ್ತೇ ಹೊರತು ತಲೆ ಎಣಿಕೆ ಗೊತ್ತಿಲ್ಲ. ಐದು ಸಂಸಾರಗಳ ಒಂದು ವಠಾರಕ್ಕೆ ಒಂದೇ ಮೀಟರ್ ಇದೆ, ಪ್ರತಿ ಸಂಸಾರ 10 ಕಿಲೊಲೀಟರ್ ಬಳಸುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು 50 ಕಿಲೊಲೀಟರಿಗೆ 2014ರ ದರದಲ್ಲಿ 56 + 187 + 650 = 893 ರೂಪಾಯಿ. ತಲಾ ಸಂಸಾರಕ್ಕೆ ಸುಮಾರು 179. ಅದೇ 10 ಕಿಲೊಲೀಟರನ್ನು ಸ್ವಂತ ಮೀಟರಿನಲ್ಲಿ ಬಳಸಿದವರಿಗೆ ಬರೀ 78 ರೂಪಾಯಿ. ಮನೆಗಳ ಸಂಖ್ಯೆಯನ್ನು ಗಣನೆಗೆ ತೆಗೆದುಕೊಳ್ಳದಿದ್ದರೆ ಬಡವರಿಗಾಗಿ ಮಾಡಿದ ಹಂತದರ ಬಡವರಿಗೇ ಎರಡು ಪಟ್ಟು ಭಾರವಾದೀತು.

ಇನ್ನೊಂದು ತೊಡಕು: ಖರ್ಚಿನ ದೊಡ್ಡ ಪಾಲು ಸ್ಥಿರ ವೆಚ್ಚ, ಆದರೆ ಆದಾಯ ಮಾರಿದ ನೀರನ್ನು ಅವಲಂಬಿಸಿದೆ. ಜನರು ಉಳಿತಾಯ ಮಾಡಿದರೆ ಆದಾಯ ತಗ್ಗುತ್ತದೆ, ಸಾಲದ ಕಂತು ತಗ್ಗುವುದಿಲ್ಲ. ಆದುದರಿಂದಲೇ ಬಿಲ್ಲಿನಲ್ಲಿ ಒಂದು ಸಣ್ಣ ನಿಗದಿತ ಶುಲ್ಕವೂ, ಬಳಕೆಗೆ ತಕ್ಕ ಶುಲ್ಕವೂ ಎರಡೂ ಇರುವುದು ಒಳ್ಳೆಯದು. ನಿಗದಿತ ಶುಲ್ಕ ಹೆಚ್ಚಾದರೆ ಕಡಿಮೆ ಬಳಸುವವರಿಗೆ ಅನ್ಯಾಯ. ಅದು ಇಲ್ಲವೇ ಇಲ್ಲದಿದ್ದರೆ ವ್ಯವಸ್ಥೆಗೆ ಅಪಾಯ.

ಕಣ್ಣಿಗೆ ಕಾಣದ ಅರ್ಧ

ಮನೆಗೆ ಬಂದ ನೀರಿನಲ್ಲಿ ಶೇಕಡ 80ರಷ್ಟು ಕೊಳಚೆ ನೀರಾಗಿ ಹೊರಹೋಗುತ್ತದೆ ಎಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. 16 ಕಿಲೊಲೀಟರ್ ಬಳಸಿದ ಮನೆಯಿಂದ ಸುಮಾರು 13 ಕಿಲೊಲೀಟರ್. ಇದನ್ನು ಸಾಗಿಸಲು ಬೇರೆ ಕೊಳವೆ ಬೇಕು. ಶುದ್ಧೀಕರಣ ಘಟಕದಲ್ಲಿ ಸೂಕ್ಷ್ಮಜೀವಿಗಳು ಅದರಲ್ಲಿನ ಕೊಳೆಯನ್ನು ಜೀರ್ಣಿಸಲು ಸತತವಾಗಿ ಗಾಳಿ ಊದಬೇಕು. ಅದಕ್ಕೂ ವಿದ್ಯುತ್ತು ಬೇಕು.

ನಲ್ಲಿ ನಿಂತರೆ ಮನೆಯವರು ಅಂದೇ ದೂರು ಕೊಡುತ್ತಾರೆ. ಕೊಳಚೆ ಶುದ್ಧವಾಗದೆ ಕೆರೆ ಸೇರಿದರೆ ಯಾರೂ ಬಿಲ್ಲು ನೋಡಿ ಕೇಳುವುದಿಲ್ಲ. ಹಾಗಾಗಿ ಹಣದ ಕೊರತೆ ಬಂದಾಗ ಮೊದಲು ಹಿಂದೆ ಬೀಳುವುದು ಒಳಚರಂಡಿ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ, 2017 ಮತ್ತು 2018ರಲ್ಲಿ ಆ ಕೆರೆಯಂಗಳದಲ್ಲಿ ಎದ್ದ ಬೆಂಕಿ ದೇಶದ ಗಮನ ಸೆಳೆದವು. ಸಂಸ್ಕರಿಸದ ಕೊಳಚೆಯ ಬಿಲ್ಲನ್ನು ಕೊನೆಗೆ ಯಾರೋ ಕಟ್ಟುತ್ತಾರೆ. ಕೆರೆಯ ಸುತ್ತಲಿನವರು ಕಾಯಿಲೆಯ ರೂಪದಲ್ಲಿ ಕಟ್ಟಿದರೆ, ಕೆಳಗಿನ ಊರಿನ ರೈತರು ಕೆಟ್ಟ ನೀರಿನ ರೂಪದಲ್ಲಿ ಕಟ್ಟುತ್ತಾರೆ. ಇದಕ್ಕೆ ಪ್ರತಿಯಾಗಿ, ಸಂಸ್ಕರಿಸಿದ ನೀರು ಸಂಪನ್ಮೂಲವೂ ಹೌದು. 2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರ ಜಿಲ್ಲೆಯ ಕೆರೆಗಳನ್ನು ತುಂಬುತ್ತಿದೆ.

ಒಳಚರಂಡಿಗೆ ಪ್ರತ್ಯೇಕ ಮೀಟರ್ ಇಡುವುದು ಕಷ್ಟ. ಆದ್ದರಿಂದ ಸಾಮಾನ್ಯವಾಗಿ ನೀರಿನ ಬಳಕೆಯನ್ನೇ ಆಧಾರವಾಗಿಟ್ಟುಕೊಂಡು ಶುಲ್ಕ ಹಾಕುತ್ತಾರೆ. ಸ್ವಂತ ಕೊಳವೆಬಾವಿಯ ನೀರು ಬಳಸುವವರ ಕೊಳಚೆಯೂ ಅದೇ ಚರಂಡಿ ಸೇರುವುದರಿಂದ ಅವರಿಗೂ ಶುಲ್ಕ ವಿಧಿಸುವುದು ನ್ಯಾಯವೇ.

ಒಮ್ಮೆಗೇ ಜಿಗಿತವೋ, ಸಣ್ಣ ಹೆಜ್ಜೆಯೋ?

ಬೆಂಗಳೂರಿನಲ್ಲಿ ದರ ಪರಿಷ್ಕರಣೆಗೆ ರಾಜ್ಯ ಸರ್ಕಾರದ ಒಪ್ಪಿಗೆ ಬೇಕು. ಚುನಾವಣೆಗಳು ಒಂದರ ಹಿಂದೊಂದು ಬರುವಾಗ ಒಪ್ಪಿಗೆ ಮುಂದೆ ಮುಂದೆ ಹೋಗುವುದು ಸಹಜ. ಹತ್ತು ವರ್ಷ ದರ ನಿಂತಿರುವಾಗ ವಿದ್ಯುತ್ ದರ, ಸಂಬಳ, ಕೊಳವೆಯ ಬೆಲೆ ನಿಂತಿರುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಗೃಹಬಳಕೆಯ ದರವನ್ನು ಹಂತಕ್ಕೆ ತಕ್ಕಂತೆ ಲೀಟರಿಗೆ 0.15 ಪೈಸೆಯಿಂದ 1 ಪೈಸೆಯವರೆಗೆ ಏರಿಸಲಾಯಿತು. ಮುಂದೆ ಪ್ರತಿ ವರ್ಷ ಶೇಕಡ 3ರಷ್ಟು ಏರಿಸುವ ಕ್ರಮವನ್ನೂ ಪ್ರಕಟಿಸಲಾಯಿತು.

ಚಕ್ರಬಡ್ಡಿಯ ಸೂತ್ರ ಹಾಕಿ ನೋಡಿ. ವರ್ಷಕ್ಕೆ ಶೇಕಡ 3ರಂತೆ ಹತ್ತು ವರ್ಷಕ್ಕೆ 1.34 ಪಟ್ಟು. 7 ರೂಪಾಯಿ ಸುಮಾರು 9 ರೂಪಾಯಿ 40 ಪೈಸೆಯಾಗುತ್ತದೆ. ವರ್ಷಕ್ಕೆ ಇಪ್ಪತ್ತು ಮೂವತ್ತು ಪೈಸೆಯ ಏರಿಕೆ ಯಾರಿಗೂ ಅಷ್ಟಾಗಿ ತಟ್ಟುವುದಿಲ್ಲ. ಆದರೆ ಏರಿಕೆಯ ಜೊತೆಗೆ ಸೋರಿಕೆ ಎಷ್ಟು ತಗ್ಗಿತು, ಎಷ್ಟು ಹೊಸ ಮನೆಗೆ ನಲ್ಲಿ ಬಂತು ಎಂಬ ಲೆಕ್ಕವನ್ನೂ ಪ್ರತಿ ವರ್ಷ ಜನರ ಮುಂದಿಡಬೇಕು. ಇಲ್ಲವಾದರೆ ಸೋರುವ ಕೊಳವೆಯ ದಂಡವನ್ನು ಬಿಲ್ಲು ಕಟ್ಟುವವರೇ ತೆತ್ತಂತಾಗುತ್ತದೆ.

ಮಾಡಿ ನೋಡಿ

ತರಗತಿಯ ಪ್ರತಿಯೊಬ್ಬರೂ ಮನೆಯ ನೀರಿನ ಬಿಲ್ಲು ತರಲಿ. ಬಿಲ್ಲಿಲ್ಲದವರು ಟ್ಯಾಂಕರಿಗೆ, ಕೊಳವೆಬಾವಿಯ ವಿದ್ಯುತ್ತಿಗೆ ಅಥವಾ ನೀರಿನ ಕ್ಯಾನಿಗೆ ಕೊಟ್ಟ ಹಣವನ್ನು ಬರೆದು ತರಲಿ. ಎಲ್ಲವನ್ನೂ ಕಿಲೊಲೀಟರಿಗೆ ಎಷ್ಟು ರೂಪಾಯಿ ಎಂದು ಪರಿವರ್ತಿಸಿ ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆಯಿರಿ. ನಿಮ್ಮ ಊರಿನ ನೀರಿನ ಮೂಲ ಎಷ್ಟು ದೂರ, ಎಷ್ಟು ತಗ್ಗಿನಲ್ಲಿದೆ ಎಂದು ವಿಚಾರಿಸಿ ಪಂಪಿನ ಲೆಕ್ಕವನ್ನೂ ಮಾಡಿ. ಒಂದೇ ತರಗತಿಯಲ್ಲಿ ಯಾರು ಅತಿ ಹೆಚ್ಚು ಬೆಲೆ ಕೊಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಆಮೇಲೆ ನ್ಯಾಯವಾದ ದರ ಯಾವುದು ಎಂದು ಚರ್ಚಿಸಿ.