ಅಚ್ಚಾಗದೆ ಉಳಿದ ಎರಡು ಪುಟಗಳು

ಅಮೆರಿಕೆಯ ಅನೇಕ ಹೈಸ್ಕೂಲುಗಳಲ್ಲಿ ಗಣಿತ ಇತಿಹಾಸಗಳಿಗಿರುವಂತೆ ಪತ್ರಿಕೋದ್ಯಮಕ್ಕೂ ಒಂದು ಪೀರಿಯಡ್ ಇರುವುದುಂಟು. ನಮ್ಮ ಶಾಲೆಗಳು ಹೊರತರುವ ವಾರ್ಷಿಕ ಸಂಚಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಊಹಿಸಿಕೊಂಡರೆ ಚಿತ್ರ ಸರಿಯಾಗಿ ಮೂಡದು. ಅಲ್ಲಿ ಹದಿನಾರು ಹದಿನೇಳು ವಯಸ್ಸಿನ ಹುಡುಗ ಹುಡುಗಿಯರೇ ಸಂಪಾದಕರು, ಅವರೇ ವರದಿಗಾರರು. ಯಾವ ಸುದ್ದಿಯನ್ನು ಯಾರು ತರಬೇಕೆಂಬ ಹಂಚಿಕೆ ತರಗತಿಯಲ್ಲಿಯೇ ಆಗುತ್ತದೆ. ಊಟದ ಬಿಡುವಿನಲ್ಲಿ ಸಂದರ್ಶನ, ಸಂಜೆ ತಿದ್ದುವಿಕೆ, ಕರಡು ಬಂದಾಗ ಅಕ್ಷರದೋಷಗಳ ಬೇಟೆ. ಫುಟ್‌ಬಾಲ್ ಪಂದ್ಯದ ಸೋಲು ಗೆಲುವು, ಶಾಲೆಯ ಭೋಜನಶಾಲೆಯ ತಿನಿಸಿನ ಮೇಲೆ ದೂರು, ನಿವೃತ್ತರಾಗಲಿರುವ ಮೇಷ್ಟರಿಗೊಂದು ವಿದಾಯ, ಶಾಲೆಯ ನಾಟಕದ ವಿಮರ್ಶೆ – ಇವು ಅದರ ನಿತ್ಯದ ಸರಕು. ನಾಟಕದ ನಾಯಕನೂ ವಿಮರ್ಶಕನೂ ಒಂದೇ ಬೆಂಚಿನವರಾಗಿದ್ದರೆ ವಿಮರ್ಶೆ ಎಷ್ಟು ಮೃದುವಾಗಿರುತ್ತದೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ವರ್ಷದ ಕೊನೆಯಲ್ಲಿ ಈ ಕೆಲಸಕ್ಕೆಲ್ಲ ಅಂಕಗಳೂ ಉಂಟು.

ಇಂಥದೊಂದು ಪತ್ರಿಕೆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ ಬಂದಿತು. ಅದರ ಹೆಸರು ‘ಸ್ಪೆಕ್ಟ್ರಮ್’. ಮಿಸೌರಿ ಸಂಸ್ಥಾನದಲ್ಲಿ, ಸೇಂಟ್ ಲೂಯಿಸ್ ನಗರದ ಹೊರವಲಯದಲ್ಲಿರುವ ಹೇಝಲ್‌ವುಡ್ ಈಸ್ಟ್ ಹೈಸ್ಕೂಲಿನ ಪತ್ರಿಕೆ ಅದು. 1982–83ನೆಯ ಸಾಲಿನಲ್ಲಿ ಹೆಚ್ಚು ಕಡಿಮೆ ಮೂರು ವಾರಗಳಿಗೊಮ್ಮೆ ಹೊರಬರುತ್ತಿದ್ದಿತು. ಆ ವರ್ಷ ವಿದ್ಯಾರ್ಥಿಗಳಿಗೂ ಶಾಲೆಯ ಸಿಬ್ಬಂದಿಗೂ ಊರಿನವರಿಗೂ ಸೇರಿ 4,500ಕ್ಕೂ ಹೆಚ್ಚು ಪ್ರತಿಗಳು ಹಂಚಿಕೆಯಾದವು. ಅಚ್ಚಿನ ಖರ್ಚು 4,668 ಡಾಲರು. ಮಾರಾಟದಿಂದ ಬಂದದ್ದು 1,166 ಡಾಲರು. ಉಳಿದುದನ್ನೆಲ್ಲ ತುಂಬಿಕೊಟ್ಟುದು ಶಾಲಾ ಮಂಡಲಿ. ಈ ಲೆಕ್ಕವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವ್ಯಾಜ್ಯದಲ್ಲಿ ಇದಕ್ಕೂ ಪಾಲುಂಟು. ಆ ಶಾಲಾವರ್ಷದ ಆರಂಭದಲ್ಲಿ, ಸೆಪ್ಟೆಂಬರಿನ ಸಂಚಿಕೆಯೊಂದರಲ್ಲಿ, ಸಂವಿಧಾನದ ಮೊದಲ ತಿದ್ದುಪಡಿ ಕೊಡುವ ವಾಕ್ ಸ್ವಾತಂತ್ರ್ಯದ ಹಕ್ಕುಗಳೆಲ್ಲ ತಮ್ಮ ಪತ್ರಿಕೆಗೂ ಸಲ್ಲುತ್ತವೆಂದು ಅದನ್ನು ನಡೆಸುವವರು ಪ್ರಕಟಿಸಿಯೂ ಇದ್ದರು.

1983ರ ಮೇ 13ರ ಸಂಚಿಕೆ ಸಾಲಿನ ಕೊನೆಯ ಸಂಚಿಕೆಗಳಲ್ಲೊಂದು. ಆರು ಪುಟಗಳೆಂದು ನಿಶ್ಚಯವಾಗಿದ್ದಿತು. ಅದರಲ್ಲಿ ಎರಡು ಪುಟಗಳನ್ನು ವಿದ್ಯಾರ್ಥಿಗಳು ತಮ್ಮ ಓರಗೆಯವರ ಬಾಳಿನ ಕಷ್ಟಗಳಿಗೆ ಮೀಸಲಿಟ್ಟಿದ್ದರು. ಓದುವ ವಯಸ್ಸಿನಲ್ಲಿಯೇ ಗರ್ಭ ಧರಿಸಿದ್ದ ಅದೇ ಶಾಲೆಯ ಮೂವರು ಹುಡುಗಿಯರ ಅನುಭವ ಒಂದು ಲೇಖನ. ಅವರ ಹೆಸರುಗಳನ್ನು ಬದಲಾಯಿಸಲಾಗಿದ್ದಿತು. ತಂದೆತಾಯಿಗಳ ವಿವಾಹ ವಿಚ್ಛೇದನವು ಮಕ್ಕಳ ಮೇಲೆ ಮಾಡುವ ಪರಿಣಾಮ ಮತ್ತೊಂದು. ಇವುಗಳ ಜೊತೆಗೆ ಎಳೆಯ ವಯಸ್ಸಿನ ಮದುವೆ, ಮನೆ ಬಿಟ್ಟು ಓಡಿಹೋಗುವ ಮಕ್ಕಳು, ಬಾಲಾಪರಾಧ ಇವುಗಳನ್ನು ಕುರಿತ ಬರಹಗಳೂ ಇದ್ದವು. ಪಂದ್ಯದ ಫಲಿತಾಂಶ ಬರೆಯುತ್ತಿದ್ದ ಕೈಗಳು ಇದನ್ನೆಲ್ಲ ಬರೆಯಹೊರಟುದೇಕೆ? ಉತ್ತರ ಸರಳ. ಶಾಲೆಯ ನಿತ್ಯಜೀವನವೆಂದರೆ ಗಂಟೆ ಹೊಡೆದಾಗ ಆರಂಭವಾಗಿ ಗಂಟೆ ಹೊಡೆದಾಗ ಮುಗಿಯುವುದಲ್ಲ. ಹಿಂದಿನ ರಾತ್ರಿ ಮನೆಯಲ್ಲಾದ ಜಗಳ ಮರುದಿನ ಬೆಳಿಗ್ಗೆ ಪುಸ್ತಕದ ಚೀಲದೊಡನೆ ತರಗತಿಗೆ ಬಂದು ಕೂಡುತ್ತದೆ. ಪಕ್ಕದಲ್ಲಿ ಕುಳಿತ ಗೆಳತಿಗೆ ಅದು ಗೊತ್ತು; ಎಷ್ಟೋ ಸಲ ಪಾಠ ಹೇಳುವವರಿಗೆ ಗೊತ್ತಿರುವುದಿಲ್ಲ.

ಪತ್ರಿಕೆಗೆ ಮಾರ್ಗದರ್ಶಕರಾಗಿದ್ದ ಅಧ್ಯಾಪಕರು ಏಪ್ರಿಲ್ 29ರಂದು ಬೇರೆ ಉದ್ಯೋಗ ಹಿಡಿದು ಹೊರಟುಹೋದರು. ಅವರ ಸ್ಥಾನಕ್ಕೆ ಬಂದವರು ಮೇ 10ರಂದು, ವಾಡಿಕೆಯಂತೆ, ಪುಟಗಳ ಕರಡನ್ನು ಮುಖ್ಯೋಪಾಧ್ಯಾಯ ರಾಬರ್ಟ್ ರೆನಾಲ್ಡ್ಸ್ ಅವರ ಮೇಜಿನ ಮೇಲಿಟ್ಟರು. ರೆನಾಲ್ಡ್ಸ್ ಅವರಿಗೆ ಎರಡು ಲೇಖನಗಳು ಹಿಡಿಸಲಿಲ್ಲ. ಹೆಸರು ಬದಲಾಯಿಸಿದ್ದರೂ ಆ ಹುಡುಗಿಯರು ಯಾರೆಂದು ಶಾಲೆಯಲ್ಲಿ ತಿಳಿದುಹೋಗಬಹುದೆಂಬುದು ಅವರ ಮೊದಲ ಅಂಜಿಕೆ. ಲೇಖನದಲ್ಲಿದ್ದ ಲೈಂಗಿಕ ವಿಷಯಗಳ ಪ್ರಸ್ತಾಪ ಚಿಕ್ಕ ತರಗತಿಯ ಮಕ್ಕಳಿಗೆ ತಕ್ಕುದಲ್ಲವೆಂದೂ ಅವರಿಗೆ ತೋರಿತು. ವಿಚ್ಛೇದನದ ಲೇಖನದಲ್ಲಿ ಒಬ್ಬ ವಿದ್ಯಾರ್ಥಿನಿ ತನ್ನ ತಂದೆಗೆ ಮನೆಯವರಿಗಿಂತ ಹೊರಗಿನ ಕೆಲಸವೂ ಗೆಳೆಯರೊಡನೆ ಇಸ್ಪೀಟಾಟವೂ ಹೆಚ್ಚಾಗಿದ್ದವೆಂದು ಹೇಳಿಕೊಂಡಿದ್ದಳು. ಆ ತಂದೆಗೆ ತನ್ನ ಕಡೆಯ ಮಾತು ಹೇಳಲು ಅವಕಾಶವಿರಲಿಲ್ಲ. ಅವಳ ಹೆಸರನ್ನು ಹೊಸ ಮಾರ್ಗದರ್ಶಕರು ಅಂತಿಮ ಪ್ರತಿಯಲ್ಲಿ ತೆಗೆದುಹಾಕಿದ್ದರು. ಮುಖ್ಯೋಪಾಧ್ಯಾಯರ ಕೈಗೆ ಬಂದ ಕರಡಿನಲ್ಲಿ ಮಾತ್ರ ಅದು ಉಳಿದಿದ್ದಿತು.

ಈ ಆಕ್ಷೇಪಣೆಗಳಲ್ಲಿ ಹುರುಳಿಲ್ಲವೆನ್ನುವುದು ನ್ಯಾಯವಾಗದು. ಯಾವ ಒಳ್ಳೆಯ ಪತ್ರಿಕೆಯ ಸಂಪಾದಕನಾದರೂ ಆ ತಂದೆಯನ್ನು ಒಂದು ಮಾತು ಕೇಳಿ ಬನ್ನಿರೆಂದು ವರದಿಗಾರನನ್ನು ಕಳುಹಿಸುತ್ತಿದ್ದನು. ಎಡವಿದುದು ಮುಂದಿನ ಹೆಜ್ಜೆಯಲ್ಲಿ. ಶಾಲಾವರ್ಷ ಮುಗಿಯುತ್ತ ಬಂದಿದೆ, ತಿದ್ದಿ ಬರೆಸಲು ಸಮಯವಿಲ್ಲ, ತಡಮಾಡಿದರೆ ಸಂಚಿಕೆಯೇ ಹೊರಬರುವುದಿಲ್ಲವೆಂದು ರೆನಾಲ್ಡ್ಸ್ ಭಾವಿಸಿದರು. ಆರು ಪುಟಗಳ ಬದಲು ನಾಲ್ಕೇ ಪುಟ ಅಚ್ಚು ಮಾಡಿಸಿರೆಂದು ಅಪ್ಪಣೆ ಕೊಟ್ಟರು. ಅವರ ಆಕ್ಷೇಪಣೆ ಇದ್ದುದು ಎರಡು ಲೇಖನಗಳಿಗೆ. ಅವುಗಳ ಅಕ್ಕಪಕ್ಕದಲ್ಲಿದ್ದ ತಪ್ಪಿಗಾಗಿ ಉಳಿದ ಬರಹಗಳೂ ಹೋದವು. ಬರೆದ ಮಕ್ಕಳನ್ನು ಕರೆದು ಕಾರಣ ಹೇಳಿದವರಿಲ್ಲ. ನಾಲ್ಕು ಪುಟಗಳ ಪತ್ರಿಕೆ ಕೈಗೆ ಬಂದಾಗಲೇ ಅವರಿಗೆ ವಿಷಯ ತಿಳಿದುದು. ತಮ್ಮ ದುಡಿಮೆ ಮಾಯವಾಗಿರುವುದನ್ನು ಹಾಳೆ ಮಗುಚಿ ಕಂಡುಕೊಳ್ಳಬೇಕಾದ ಆ ಹೊತ್ತು ಯಾವ ವಯಸ್ಸಿನವರಿಗಾದರೂ ಕಹಿಯೇ.

ಕ್ಯಾಥಿ ಕುಲ್‌ಮೈಯರ್ ಮತ್ತು ಅವಳ ಇಬ್ಬರು ಸಹಪಾಠಿನಿಯರು ನ್ಯಾಯಾಲಯದ ಮೆಟ್ಟಿಲೇರಿದರು. ಅವರ ಬೆನ್ನಿಗೆ ಒಂದು ಹಳೆಯ ತೀರ್ಪಿದ್ದಿತು. 1965ರ ಡಿಸೆಂಬರಿನಲ್ಲಿ ಅಯೋವಾ ಸಂಸ್ಥಾನದ ಡೆ ಮೊಯಿನ್ ನಗರದ ಕೆಲವು ವಿದ್ಯಾರ್ಥಿಗಳು ವಿಯೆಟ್ನಾಂ ಯುದ್ಧದ ಬಗೆಗಿನ ದುಃಖವನ್ನು ಸೂಚಿಸಲು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಬಂದಿದ್ದರು. ಶಾಲೆಯವರು ಅವರನ್ನು ಹೊರಗೆ ಕಳುಹಿಸಿದರು. ಪಾಠಪ್ರವಚನಗಳಿಗೆ ಗಣನೀಯವಾದ ಅಡಚಣೆಯಾಗದಿದ್ದರೆ ವಿದ್ಯಾರ್ಥಿಯ ಅಭಿಪ್ರಾಯವನ್ನು ಶಾಲೆ ತಡೆಯಲಾಗದೆಂದು 1969ರಲ್ಲಿ ಸುಪ್ರೀಂ ಕೋರ್ಟು ಏಳಕ್ಕೆ ಎರಡು ಮತಗಳಿಂದ ತೀರ್ಮಾನಿಸಿತು. ಹೇಝಲ್‌ವುಡ್ಡಿನ ಹುಡುಗಿಯರು ನೆಚ್ಚಿಕೊಂಡುದು ಇದನ್ನೇ. 1985ರಲ್ಲಿ ಕೆಳಗಿನ ನ್ಯಾಯಾಲಯ ಶಾಲೆಯ ಪಕ್ಷ ಹಿಡಿಯಿತು. 1986ರಲ್ಲಿ ಮೇಲ್ಮನವಿಯ ನ್ಯಾಯಾಲಯ ಹುಡುಗಿಯರ ಪಕ್ಷ ಹಿಡಿಯಿತು. 1988ರ ಜನವರಿ 13ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂದಿತು. ಒಂಬತ್ತು ನ್ಯಾಯಪೀಠಗಳಲ್ಲಿ ಒಂದು ಆಗ ತೆರವಾಗಿದ್ದಿತು. ಐವರು ಶಾಲೆಯ ಪರ, ಮೂವರು ವಿರೋಧ. ಅಷ್ಟು ಹೊತ್ತಿಗೆ ಮೂವರು ಹುಡುಗಿಯರೂ ಹೈಸ್ಕೂಲು ಬಿಟ್ಟು ವರ್ಷಗಳೇ ಸಂದಿದ್ದವು.

ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಬೈರನ್ ವೈಟ್. ತೋಳಿನ ಪಟ್ಟಿ ವಿದ್ಯಾರ್ಥಿಯ ಸ್ವಂತ ಮಾತು; ಶಾಲೆಯ ಪತ್ರಿಕೆ ಹಾಗಲ್ಲವೆಂಬುದು ಅವರ ವಾದದ ತಿರುಳು. ಹಣ ಶಾಲೆಯದು, ಅಧ್ಯಾಪಕರು ಶಾಲೆಯವರು, ಅಂಕ ಕೊಡುವವರೂ ಅವರೇ. ಪತ್ರಿಕೆ ಪಾಠದ ಒಂದು ಅಂಗ. ಆದುದರಿಂದ ಶಿಕ್ಷಣದ ದೃಷ್ಟಿಯಿಂದ ಸಮಂಜಸವಾದ ಕಾರಣವಿದ್ದರೆ ಅದನ್ನು ತಿದ್ದಲು, ತಡೆಯಲು ಶಾಲೆಗೆ ಅಧಿಕಾರವುಂಟು. ಭಿನ್ನಮತದ ನ್ಯಾಯಮೂರ್ತಿ ವಿಲಿಯಂ ಬ್ರೆನನ್ ಇದನ್ನು ಒಪ್ಪಲಿಲ್ಲ. ಪೌರಧರ್ಮವನ್ನು ಕಲಿಯಬಂದ ಮಕ್ಕಳಿಗೆ ನ್ಯಾಯಾಲಯ ಕಲಿಸಿದುದು ಅವರು ನಿರೀಕ್ಷಿಸಿದ ಪಾಠವಲ್ಲವೆಂದು ಅವರು ಖೇದದಿಂದ ಬರೆದರು.

ತೀರ್ಪಿನಲ್ಲಿರುವ ‘ಸಮಂಜಸ’ವೆಂಬ ಮಾತು ಹಿಗ್ಗುವ ಚೀಲದಂತೆ, ಅದರೊಳಗೆ ಏನನ್ನಾದರೂ ತುರುಕಬಹುದು. ಮಿಚಿಗನ್ ಸಂಸ್ಥಾನದ ಯೂಟಿಕ ಹೈಸ್ಕೂಲಿನಲ್ಲಿ ಅದು ಕಂಡುಬಂದಿತು. ಶಾಲೆಯ ಬಸ್ಸುಗಳು ನಿಲ್ಲುವ ಗ್ಯಾರೇಜಿನ ಪಕ್ಕದ ಮನೆಯ ದಂಪತಿಗಳು ಡೀಸಲ್ ಹೊಗೆಯಿಂದ ತಮ್ಮ ಆರೋಗ್ಯ ಕೆಟ್ಟಿತೆಂದು ಮೊಕದ್ದಮೆ ಹೂಡಿದ್ದರು. ಶಾಲೆಯ ಪತ್ರಿಕೆಯಾದ ‘ಆರೋ’ ಅದನ್ನು ವರದಿ ಮಾಡಹೊರಟಿತು, ಶಾಲೆಯವರು ತಡೆದರು. ಇಲ್ಲಿ ಮಕ್ಕಳ ಗುಟ್ಟಿಲ್ಲ, ಮನೆಯ ಮಾತಿಲ್ಲ. ಇದ್ದುದು ಶಾಲೆಯ ಬಸ್ಸಿನ ಹೊಗೆ ಮಾತ್ರ. 2004ರಲ್ಲಿ ಕೇಂದ್ರ ನ್ಯಾಯಾಲಯದ ನ್ಯಾಯಾಧೀಶರು ಹೇಝಲ್‌ವುಡ್ ತೀರ್ಪಿನ ಅಳತೆಗೋಲಿನಿಂದಲೇ ಅಳೆದು ಆ ತಡೆ ಸಲ್ಲದೆಂದರು.

ಅಷ್ಟರಲ್ಲಿ ಕೆಲವು ಸಂಸ್ಥಾನಗಳು ಬೇರೆ ದಾರಿ ಹಿಡಿದಿದ್ದವು. ಸಂವಿಧಾನ ಕೊಡುವುದಕ್ಕಿಂತ ಹೆಚ್ಚಿನ ರಕ್ಷಣೆಯನ್ನು ಸಂಸ್ಥಾನದ ಶಾಸನ ಕೊಡಲು ಅಡ್ಡಿಯಿಲ್ಲ. ಕ್ಯಾಲಿಫೋರ್ನಿಯದಲ್ಲಿ ಅಂಥ ಶಾಸನ ಹಿಂದಿನಿಂದಲೇ ಇದ್ದಿತು. ತೀರ್ಪಿನ ಬೆನ್ನಲ್ಲೇ 1988ರಲ್ಲಿ ಮ್ಯಾಸಚೂಸೆಟ್ಸ್, 1989ರಲ್ಲಿ ಅಯೋವಾ, 1990ರಲ್ಲಿ ಕೊಲರಾಡೊ, 1992ರಲ್ಲಿ ಕ್ಯಾನ್ಸಸ್ ಶಾಸನ ಮಾಡಿದವು. ಕ್ಯಾನ್ಸಸ್ ಮಿಸೌರಿಗೆ ಒತ್ತಿಕೊಂಡ ನೆರೆಯ ಸಂಸ್ಥಾನ. ಗಡಿಯ ಈಚೆಗೊಂದು ನ್ಯಾಯ, ಆಚೆಗೊಂದು ನ್ಯಾಯವಾಯಿತು.

ಆ ಶಾಸನದ ನೆರಳಿನಲ್ಲಿ ನಡೆದ ಒಂದು ಪ್ರಸಂಗ ಕೇಳತಕ್ಕುದು. ಕ್ಯಾನ್ಸಸ್ಸಿನ ಪಿಟ್ಸ್‌ಬರ್ಗ್ ಎಂಬ ಸಣ್ಣ ಊರಿನ ಹೈಸ್ಕೂಲಿಗೆ 2017ರ ಮಾರ್ಚಿನಲ್ಲಿ ಹೊಸ ಪ್ರಿನ್ಸಿಪಾಲರ ನೇಮಕವಾಯಿತು. ಶಾಲೆಯ ಪತ್ರಿಕೆ ‘ಬೂಸ್ಟರ್ ರೀಡಕ್ಸ್’ ಅವರನ್ನು ಪರಿಚಯಿಸಿ ಸ್ವಾಗತಿಸುವ ಲೇಖನ ಬರೆಯಹೊರಟಿತು. ಇದಕ್ಕಿಂತ ನಿರುಪದ್ರವಿಯಾದ ಲೇಖನವಿಲ್ಲ. ಹೊಸಬರ ವಿದ್ಯಾರ್ಹತೆಯನ್ನು ಬರೆದುಕೊಳ್ಳುವಾಗ ಒಂದು ವಿಶ್ವವಿದ್ಯಾನಿಲಯದ ಹೆಸರು ಬಂದಿತು. ಹುಡುಗರು ಅದನ್ನು ಹುಡುಕಿದರು. ಅದಕ್ಕೆ ಅಧಿಕೃತ ಮನ್ನಣೆಯೇ ಇರಲಿಲ್ಲ. ಮತ್ತೂ ಕೆದಕಿದರು. ಪತ್ರಿಕೆಯ ಮಾರ್ಗದರ್ಶಕಿ ಆಯ್ಕೆಯ ಸಮಿತಿಯಲ್ಲಿ ತಾವೂ ಇದ್ದುದರಿಂದ ಈ ವರದಿಯಿಂದ ಪಕ್ಕಕ್ಕೆ ಸರಿದು ನಿಂತರು. ಹುಡುಗರು ಹೊಸ ಪ್ರಿನ್ಸಿಪಾಲರೊಡನೆ ದೂರವಾಣಿಯಲ್ಲಿ ಮಾತನಾಡಿ ಅವರ ಉತ್ತರವನ್ನೂ ಕೇಳಿದರು – ಹೇಝಲ್‌ವುಡ್ಡಿನ ಲೇಖನದಲ್ಲಿ ಬಿಟ್ಟುಹೋಗಿದ್ದ ಕೆಲಸವೇ ಇದು. ಮೇಲಧಿಕಾರಿಗಳು ಕರಡಿನ ಮೇಲೆ ಕೈಯಿಡಲಿಲ್ಲ. ಮಾರ್ಚ್ 31ರಂದು ಆರು ವಿದ್ಯಾರ್ಥಿಗಳ ಹೆಸರಿನಲ್ಲಿ ವರದಿ ಪ್ರಕಟವಾಯಿತು. ನಾಲ್ಕು ದಿನಗಳ ಬಳಿಕ, ಏಪ್ರಿಲ್ 4ರಂದು, ಹೊಸ ಪ್ರಿನ್ಸಿಪಾಲರು ಅಧಿಕಾರ ವಹಿಸಿಕೊಳ್ಳುವ ಮೊದಲೇ ರಾಜೀನಾಮೆ ಕೊಟ್ಟರು. ಶಾಲೆಯವರು ಬೇರೊಬ್ಬರನ್ನು ಹುಡುಕತೊಡಗಿದರು.