ಷಡ್ಜ-ಪಂಚಮದ ಗುಡುಗು

ಮಂಡ್ಯ ಕಡೆಯ ಹುಡುಗರಿಗೆ ಹೆವಿ ಮೆಟಲ್ ಸಾಮಾನ್ಯವಾಗಿ ಹಾಸ್ಟೆಲಿನಲ್ಲಿ ಸಿಗುತ್ತದೆ. ನಾಗಮಂಗಲದಿಂದಲೋ ಕೆ.ಆರ್. ಪೇಟೆಯಿಂದಲೋ ಓದಲು ಬೆಂಗಳೂರಿಗೆ ಹೋದವನಿಗೆ ಪಕ್ಕದ ಮಂಚದವನು ಇಯರ್‌ಫೋನಿನ ಒಂದು ಎಳೆ ಕೊಡುತ್ತಾನೆ. ಅಲ್ಲಿಂದ ಶುರು. ಹಬ್ಬಕ್ಕೆ ಊರಿಗೆ ಬಂದಾಗ ಅದನ್ನೇ ಜೋರಾಗಿ ಹಾಕಿದರೆ, "ಅದೇನ್ಲಾ ಗಲಾಟೆ, ಆರ್ಸು ಮೊದ್ಲು" ಎಂಬ ಮಾತು ಅಡುಗೆಮನೆಯಿಂದ ಬರುತ್ತದೆ. ಆ ಗಲಾಟೆಗೂ ಒಂದು ವ್ಯಾಕರಣವಿದೆ. ಅದನ್ನು ಶ್ರದ್ಧೆಯಿಂದ ಕಲಿತು, ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ನುಡಿಸುತ್ತಾ ಬಂದಿರುವ ತಂಡವೊಂದು ಶ್ರೀರಂಗಪಟ್ಟಣದಿಂದ ಬಸ್ಸು ಹತ್ತಿದರೆ ಮೂರು ಗಂಟೆಯ ಹಾದಿಯಲ್ಲಿದೆ. ಬೆಂಗಳೂರಿನ ಆ ತಂಡದ ಹೆಸರು ಕ್ರಿಪ್ಟೋಸ್.

1998ರಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಸೇರಿ ಕಟ್ಟಿದ ತಂಡ ಇದು. ನೋಲನ್ ಗಿಟಾರ್ ಹಿಡಿದು ಹಾಡುತ್ತಾರೆ. ಗಣೇಶ್ ಅವರದು ಬೇಸ್ ಗಿಟಾರ್. ಎರಡನೆಯ ಗಿಟಾರಿಗೆ ಮುಂದೆ ರೋಹಿತ್ ಚತುರ್ವೇದಿ ಬಂದರು. ಡ್ರಮ್ ಮುಂದೆ ಕೂತವರು ಕಾಲಕಾಲಕ್ಕೆ ಬದಲಾಗಿದ್ದಾರೆ. ಆಗ ಬೆಂಗಳೂರಿನಲ್ಲಿ ರಾಕ್ ಸಂಗೀತಕ್ಕೆ ನೆಲ ಇರಲಿಲ್ಲವೆಂದಲ್ಲ. ದಂಡು ಪ್ರದೇಶದ ಚರ್ಚುಗಳು, ಕ್ಲಬ್ಬುಗಳು, ಆಂಗ್ಲೋ ಇಂಡಿಯನ್ ಮನೆಗಳ ಪಿಯಾನೋ, ಕಾಲೇಜು ಉತ್ಸವಗಳ ಬ್ಯಾಂಡ್ ಸ್ಪರ್ಧೆ ಎಲ್ಲವೂ ಇದ್ದವು. 1980ರ ದಶಕದ ಕೊನೆಗೇ ಮಿಲೆನಿಯಂ ಎಂಬ ಮೆಟಲ್ ತಂಡ ಇಲ್ಲಿ ಹೆಸರು ಮಾಡಿತ್ತು. ಆದರೆ ಆ ಕಾಲದ ವೇದಿಕೆಗಳಲ್ಲಿ ಜನ ಕೇಳುತ್ತಿದ್ದದ್ದು ಹೊರದೇಶದ ತಂಡಗಳ ಹಾಡನ್ನು ಯಥಾವತ್ತಾಗಿ ನುಡಿಸಿ ಎಂದು. ಸ್ವಂತ ಹಾಡು ಶುರುವಾದರೆ ಸಭೆ ಕದಲುತ್ತಿತ್ತು. ಕ್ರಿಪ್ಟೋಸ್ ಸ್ವಂತ ಹಾಡಿನ ದಾರಿ ಹಿಡಿಯಿತು.

ಮೊದಲ ಆಲ್ಬಂ 'ಸ್ಪೈರಲ್ ಅಸೆಂಟ್' ಬಂದದ್ದು 2004ರಲ್ಲಿ, ತಂಡ ಹುಟ್ಟಿ ಆರು ವರ್ಷದ ಮೇಲೆ. 2008ರಲ್ಲಿ 'ದಿ ಆರ್ಕ್ ಆಫ್ ಜೆಮಿನಿ', 2012ರಲ್ಲಿ 'ದಿ ಕಾಯ್ಲ್ಸ್ ಆಫ್ ಅಪಾಲಿಯನ್'. ಈ ನಡುವೆ 2010ರಲ್ಲಿ ಯುರೋಪಿನ ಊರೂರು ಸುತ್ತಿ ಕಛೇರಿ ಕೊಟ್ಟರು; ಭಾರತದ ಮೆಟಲ್ ತಂಡವೊಂದರ ಮೊದಲ ಯುರೋಪ್ ಪ್ರವಾಸ ಎಂದೇ ಅದನ್ನು ಗುರುತಿಸುತ್ತಾರೆ. 2013ರಲ್ಲಿ ಜರ್ಮನಿಯ ವಾಕೆನ್‌ನಲ್ಲಿ ನುಡಿಸಿದರು. ವಾಕೆನ್ ಉತ್ತರ ಜರ್ಮನಿಯ ಒಂದು ಪುಟ್ಟ ಹಳ್ಳಿ. ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ಅದರ ಹೊಲಗಳು ಲೋಕದ ಅತಿ ದೊಡ್ಡ ಮೆಟಲ್ ಜಾತ್ರೆಗಳಲ್ಲೊಂದರ ಬಯಲಾಗುತ್ತವೆ. ಮಳೆ ಬಂದರೆ ಮೊಣಕಾಲುದ್ದ ಕೆಸರಿನಲ್ಲೇ ಜನ ನಿಂತು ಕೇಳುತ್ತಾರೆ. ಸಿನಿಮಾದ ಆಸರೆಯಾಗಲಿ ಸರ್ಕಾರದ ಉತ್ಸವಗಳ ಆಹ್ವಾನವಾಗಲಿ ನೆಚ್ಚಿಕೊಳ್ಳದೆ ಬೆಂಗಳೂರಿನ ನಾಲ್ವರು ಅಲ್ಲಿಗೆ ಮುಟ್ಟಿದ್ದು ನನ್ನ ಲೆಕ್ಕದಲ್ಲಿ ಸಣ್ಣ ಸಂಗತಿಯಲ್ಲ.

ಇನ್ನು ಅವರ ನುಡಿಸಾಣಿಕೆಯ ಮಾತು. ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಮೆಟಲ್‌ನ ಬುನಾದಿ ಪವರ್ ಕಾರ್ಡ್. ನಮ್ಮ ಭಾಷೆಯಲ್ಲಿ ಹೇಳಿದರೆ ಷಡ್ಜ ಮತ್ತು ಪಂಚಮ ಎರಡನ್ನೇ ಒಟ್ಟಿಗೆ ಮೀಟುವುದು, ಗಾಂಧಾರ ಇಲ್ಲ. ತಂಬೂರಿಯಲ್ಲಿ ಮಿಡಿಯುವುದೂ ಇದೇ ಪ-ಸ ಜೋಡಿ. ಗಾಂಧಾರವನ್ನು ಯಾಕೆ ಬಿಟ್ಟರು? ಆಂಪ್ಲಿಫೈಯರಿಗೆ ಅದು ತಾಳುವುದಕ್ಕಿಂತ ಹೆಚ್ಚು ಬಲದ ಸಿಗ್ನಲ್ ಕೊಟ್ಟಾಗ ನಾದದ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ಆಗ ಮೀಟದೇ ಇರುವ ಸ್ವರಗಳೂ ಹುಟ್ಟಿಕೊಳ್ಳುತ್ತವೆ. ಸ-ಗ-ಪ ಮೂರನ್ನೂ ಮೀಟಿದರೆ ಹೀಗೆ ಹುಟ್ಟಿದ ಸ್ವರಗಳು ಒಂದಕ್ಕೊಂದು ತಿಕ್ಕಾಡಿ ರಾಡಿಯಾಗುತ್ತದೆ. ಸ ಮತ್ತು ಪ ಕಂಪನಗಳ ಅನುಪಾತ 2ಕ್ಕೆ 3. ಅವೆರಡರ ವ್ಯತ್ಯಾಸದಿಂದ ಹುಟ್ಟುವ ಸ್ವರ 1, ಅಂದರೆ ಒಂದು ಸ್ಥಾಯಿ ಕೆಳಗಿನ ಮಂದ್ರ ಷಡ್ಜ. ಯಾರ ಬೆರಳೂ ಮುಟ್ಟದ ಆ ಮಂದ್ರ ಕೇಳುಗನ ಎದೆಗೂಡಿಗೆ ಬಂದು ಬಡಿಯುತ್ತದೆ. ಮೆಟಲ್‌ನ 'ಭಾರ' ಎನ್ನುವುದರ ಹಿಂದೆ ಈ ಗಣಿತ ಇದೆ. ತಂಬೂರಿಯ ಶ್ರುತಿಗೆ ಕಿವಿ ಒಗ್ಗಿದ ಯಾರಿಗಾದರೂ ಇದು ತೀರಾ ಪರಕೀಯವಾಗಬೇಕಿಲ್ಲ.

ಎರಡನೆಯದು ಲಯ. ಬಲಗೈಯ ಅಂಗೈ ಬುಡವನ್ನು ಗಿಟಾರಿನ ಸೇತುವೆಯ ಬಳಿ ತಂತಿಗಳ ಮೇಲೆ ಹಗುರವಾಗಿ ಊರಿ, ನಾದ ಪೂರ್ತಿ ಅರಳದಂತೆ ತಡೆದು, ಅದೇ ಕೈಯ ಮೀಟುಗೋಲಿನಿಂದ ಒಂದು ಉದ್ದ ಎರಡು ಗಿಡ್ಡ, ಒಂದು ಉದ್ದ ಎರಡು ಗಿಡ್ಡ ಎಂದು ಓಡಿಸುತ್ತಾರೆ. ಇದನ್ನು ಗ್ಯಾಲಪ್ ಅನ್ನುತ್ತಾರೆ, ಕುದುರೆಯ ನಾಗಾಲೋಟ. ಐರನ್ ಮೇಡನ್ ತಂಡದ ಸ್ಟೀವ್ ಹ್ಯಾರಿಸ್ ಬೇಸ್ ಗಿಟಾರಿನಲ್ಲಿ ಇದನ್ನು ಬರಿ ಬೆರಳಲ್ಲೇ ನುಡಿಸಿ ಪ್ರಸಿದ್ಧರಾದರು. ಛಂದಸ್ಸು ಓದಿದವರಿಗೆ ಇದರ ಗುರುತು ಕೂಡಲೇ ಹತ್ತೀತು: ಗುರು, ಲಘು, ಲಘು. ಭಗಣ! ನಾಲ್ಕು ಮಾತ್ರೆಯ ಈ ಗಣ ಸಾಲುಸಾಲಾಗಿ ಬಂದರೆ ಮಂದಾನಿಲ ರಗಳೆಯ ನಡಿಗೆ ದೂರವಿಲ್ಲ. ತಿರುವಿ ಹಾಕಿ ಲಘು, ಲಘು, ಗುರು ಮಾಡಿದರೆ ಸಗಣ. ಅದನ್ನೂ ಮೆಟಲ್ ಗಿಟಾರಿಗರು ಯಥೇಚ್ಛ ಬಳಸುತ್ತಾರೆ. ಕ್ರಿಪ್ಟೋಸ್ ಹಾಡುಗಳಲ್ಲಿ ಈ ಎರಡು ನಡೆಗಳೂ ಹೆಜ್ಜೆಹೆಜ್ಜೆಗೆ ಸಿಗುತ್ತವೆ.

ಮೂರನೆಯದು ಜೋಡಿ ಗಿಟಾರ್. ಒಬ್ಬ ಒಂದು ಎಳೆ ನುಡಿಸಿದರೆ ಇನ್ನೊಬ್ಬ ಅದೇ ಎಳೆಯನ್ನು ಎರಡು ಸ್ವರ ಮೇಲಿನಿಂದ ಹಿಂಬಾಲಿಸುತ್ತಾನೆ. ಥಿನ್ ಲಿಜ್ಜಿ, ಜೂಡಾಸ್ ಪ್ರೀಸ್ಟ್, ಐರನ್ ಮೇಡನ್ ಬೆಳೆಸಿದ ಪದ್ಧತಿ. ಹೆಚ್ಚಾಗಿ ಬಳಸುವ ಸ್ವರಶ್ರೇಣಿ ನಮ್ಮ ಇಪ್ಪತ್ತನೆಯ ಮೇಳ ನಠಭೈರವಿಯದೇ. ರಾಗವೆಂದು ಅದನ್ನು ಕರೆಯುವಂತಿಲ್ಲ, ಗಮಕಗಳಿಲ್ಲ, ಸಂಚಾರದ ನಿಯಮವಿಲ್ಲ. ಆದರೆ ಆ ವಿಷಾದದ ಛಾಯೆ ಪರಿಚಿತ. ನೋಲನ್ ಮತ್ತು ರೋಹಿತ್ ಅವರ ಗಿಟಾರುಗಳು ಹೀಗೆ ಹೆಣೆದುಕೊಳ್ಳುವ ಕಡೆಗಳೇ ಕ್ರಿಪ್ಟೋಸ್‌ನ ಅತ್ಯುತ್ತಮ ಗಳಿಗೆಗಳು ಎಂದು ನನಗನ್ನಿಸುತ್ತದೆ.

ಇದೇ ಸಾಮಗ್ರಿಯಿಂದ ಪವರ್ ಮೆಟಲ್ ಎಂಬ ಕವಲು ಒಡೆಯಿತು. ಜರ್ಮನಿಯ ಹ್ಯಾಂಬರ್ಗಿನಲ್ಲಿ 1984ರಲ್ಲಿ ಹುಟ್ಟಿದ ಹೆಲೋವೀನ್ ತಂಡ 1987 ಮತ್ತು 1988ರಲ್ಲಿ ಎರಡು ಭಾಗಗಳಲ್ಲಿ ತಂದ 'ಕೀಪರ್ ಆಫ್ ದಿ ಸೆವೆನ್ ಕೀಸ್' ಆ ಶೈಲಿಗೆ ಅಚ್ಚು ಹಾಕಿತು. ಎರಡೂ ಕಾಲಲ್ಲಿ ಬೇಸ್ ಡ್ರಮ್ ಒದೆಯುತ್ತಾ ಓಡುವ ಕಾಲ, ತಾರಸ್ಥಾಯಿಯಲ್ಲಿ ಶುದ್ಧ ಕಂಠ, ಇಡೀ ಸಭೆ ದನಿಗೂಡಿಸಬಲ್ಲ ಪಲ್ಲವಿ, ರಾಜರು ಯುದ್ಧಗಳು ಪುರಾಣಗಳ ಕಥೆ. ಕ್ರಿಪ್ಟೋಸ್ ಈ ಮನೆತನದ ದಾಯಾದಿ ತಂಡ. ಓಟ, ಜೋಡಿ ಗಿಟಾರ್, ಎದೆಯುಬ್ಬಿಸುವ ಪಲ್ಲವಿ ಎಲ್ಲ ಇದೆ. ಕಂಠ ಮಾತ್ರ ಬೇರೆ. ನೋಲನ್ ಅವರದು ಗಂಟಲು ಕೆರೆದು ಬರುವ ಒರಟು ದನಿ, ಜರ್ಮನಿಯ ಥ್ರಾಶ್ ಮೆಟಲ್ ತಂಡ ಕ್ರಿಯೇಟರ್ ಕಡೆಯಿಂದ ಬಂದ ಬಳುವಳಿ. ಇಂಪಾದ ಗಿಟಾರು, ಒರಟು ಕಂಠ. ಈ ಎರಡರ ಎಳೆದಾಟವೇ ಅವರ ಮುದ್ರೆ. ಮೊದಲ ಸಲ ಕೇಳುವವರಿಗೆ ಕಂಠ ಅಡ್ಡ ಬರುತ್ತದೆ, ನಿಜ. ಅದನ್ನೂ ಒಂದು ತಾಳವಾದ್ಯವೆಂದು ಕೇಳಿಸಿಕೊಂಡರೆ ಹಾದಿ ತೆರೆಯುತ್ತದೆ.

ಆರಂಭದ ಆಲ್ಬಂಗಳಲ್ಲಿ ಹಾಡುಗಳು ಉದ್ದ, ತಿರುವುಗಳು ಹೆಚ್ಚು, ಒಂದು ಹಾಡಿನೊಳಗೆ ನಾಲ್ಕು ಹಾಡಿನ ಸರಕು. 2016ರ 'ಬರ್ನ್ ಅಪ್ ದಿ ನೈಟ್' ಹೊತ್ತಿಗೆ ಅವರು ಬೇಡದ್ದನ್ನೆಲ್ಲ ಕಳಚಿದರು. ಹಾಡು ಗಿಡ್ಡವಾಯಿತು, ನೇರವಾಯಿತು, 1980ರ ದಶಕದ ಹಾರ್ಡ್ ರಾಕ್‌ನ ಬಿಸಿ ಬಂತು. ಅದನ್ನು ಹೊರತಂದದ್ದು ಜರ್ಮನಿಯ ಎಎಫ್‌ಎಂ ರೆಕಾರ್ಡ್ಸ್. ಎಡ್‌ಗೈ, ಮಾಸ್ಟರ್‌ಪ್ಲಾನ್‌ನಂಥ ಪವರ್ ಮೆಟಲ್ ತಂಡಗಳ ಸಂಸ್ಥೆ ಅದು. ಮುಂದೆ 2019ರಲ್ಲಿ 'ಆಫ್ಟರ್‌ಬರ್ನರ್', 2021ರಲ್ಲಿ 'ಫೋರ್ಸ್ ಆಫ್ ಡೇಂಜರ್', 2024ರಲ್ಲಿ 'ಡೆಸಿಮೇಟರ್'. ಒಂದೊಂದೂ ಹಿಂದಿನದಕ್ಕಿಂತ ಹದವಾಗಿದೆ. ತಂಡ ಬೆಳೆದ ಈ ವರ್ಷಗಳಲ್ಲಿ ಬೆಂಗಳೂರೂ ಬದಲಾಯಿತು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿತು, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಬಂತು, 2012ರಲ್ಲಿ ಬೆಂಗಳೂರು ಓಪನ್ ಏರ್ ಎಂಬ ಮೆಟಲ್ ಉತ್ಸವ ಆರಂಭವಾಯಿತು. ಫ್ಯಾಷನ್ನು ಹಲವು ಬಂದು ಹೋದವು. ಕ್ರಿಪ್ಟೋಸ್ ತನ್ನ ಶ್ರುತಿ ಬಿಡಲಿಲ್ಲ.

ನಮ್ಮ ಮಂಡ್ಯ ಕಡೆಯ ಓದುಗರಿಗೆ ಇದರಲ್ಲಿ ಏನಿದೆ ಎಂದರೆ, ಬೇಕಾದಷ್ಟಿದೆ. ಮಾರಿಹಬ್ಬದ ರಾತ್ರಿ ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಸೋಮನ ಕುಣಿತದ ಮುಂದೆ ನಿಂತವರು ಜೋರು ಸದ್ದಿಗೆ ಹೆದರುವವರಲ್ಲ. ತಮಟೆಯವರು ಹುಲ್ಲಿಗೆ ಬೆಂಕಿ ಕೊಟ್ಟು ಚರ್ಮ ಕಾಯಿಸುತ್ತಾರೆ. ಕಾದ ಚರ್ಮ ಬಿಗಿದು ದನಿ ಏರುತ್ತದೆ, ಬೆರಳಲ್ಲಿ ತಟ್ಟಿ ನೋಡಿ, ಸಾಲದೆಂದರೆ ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಒಂದು ಕೈಯ ದಪ್ಪ ಕೋಲು, ಇನ್ನೊಂದು ಕೈಯ ಸೀಳುಕಡ್ಡಿ ಎರಡು ಬೇರೆ ದನಿ ಹೊರಡಿಸುತ್ತವೆ. ಪಕ್ಕದಲ್ಲಿ ನಗಾರಿ ಬಿದ್ದಾಗ ಮೈಯೇ ನಡುಗುತ್ತದೆ. ಸದ್ದನ್ನು ಮೈಯಿಂದ ಕೇಳುವ ಈ ಅಭ್ಯಾಸ ಇರುವವರಿಗೆ ಮೆಟಲ್ ಕಛೇರಿ ಅರ್ಧ ಅರ್ಥವಾದ ಹಾಗೆಯೇ.

ಕಥೆಗಳಂತೂ ಕಾಲಡಿಯಲ್ಲಿವೆ. ಸ್ವೀಡನ್ನಿನ ಫಾಲುನ್ ಊರಿನಲ್ಲಿ 1999ರಲ್ಲಿ ಹುಟ್ಟಿದ ಸಬಟಾನ್ ಎಂಬ ಪವರ್ ಮೆಟಲ್ ತಂಡ ಹೆಚ್ಚಾಗಿ ಯುದ್ಧ ಚರಿತ್ರೆಯನ್ನೇ ಹಾಡುತ್ತಾ ಬಂದಿದೆ. ತಮ್ಮ ದೇಶದ ಸಾಮ್ರಾಜ್ಯದ ಏಳುಬೀಳಿನ ಮೇಲೆ 2012ರಲ್ಲಿ ಮಾಡಿದ 'ಕಾರೊಲುಸ್ ರೆಕ್ಸ್' ಆಲ್ಬಮ್ಮನ್ನು ಅವರು ಇಂಗ್ಲಿಷಿನಲ್ಲೂ ಸ್ವೀಡಿಷಿನಲ್ಲೂ ತಂದರು, ತಾಯ್ನುಡಿಯ ಆವೃತ್ತಿಗೆ ಅವರ ನಾಡು ಮುಗಿಬಿತ್ತು. ನಮ್ಮಲ್ಲಿ? ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲೆ ಮೈಸೂರು ಸೇನೆ ಗೆದ್ದ 1780ರ ಪೊಲ್ಲಿಲೂರು ಕದನ ಇಂದಿಗೂ ನಡೆಯುತ್ತಿದೆ: ಚೌಕಾಕಾರವಾಗಿ ನಿಂತ ಇಂಗ್ಲಿಷ್ ಸಿಪಾಯಿಗಳು, ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಅವರ ದಳಪತಿ ಬೈಲಿ, ಸುತ್ತ ಕುದುರೆಗಳ ಸಾಲು. ಮೈಸೂರಿನವರ ರಾಕೆಟ್ಟುಗಳಿಗೆ ಕಬ್ಬಿಣದ ಕೊಳವೆಯಿತ್ತು. ಬಿದಿರು, ಕಾಗದ ತಾಳದ ಒತ್ತಡವನ್ನು ಕಬ್ಬಿಣ ತಾಳಿದ್ದರಿಂದ ಅವು ದೂರ ಹಾರಿದವು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಇಂಗ್ಲೆಂಡಿಗೆ ಹೋದ ಮಾದರಿಗಳನ್ನು ನೋಡಿ ಅಲ್ಲಿನ ವಿಲಿಯಂ ಕಾಂಗ್ರೀವ್ ಎಂಬ ಶಸ್ತ್ರತಜ್ಞ ತನ್ನ ರಾಕೆಟ್ಟು ರೂಪಿಸಿದ. ಪಾಂಡವಪುರ ತಾಲ್ಲೂಕಿನ ಚಿನಕುರಳಿಯ ಬಳಿ 1771ರಲ್ಲಿ ಹೈದರನ ಸೈನ್ಯ ಮರಾಠರೆದುರು ಚೆಲ್ಲಾಪಿಲ್ಲಿಯಾಯಿತು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚರು ಬೀಡುಬಿಟ್ಟಿದ್ದರಿಂದಲೇ ಪಾಂಡವಪುರಕ್ಕೆ ಬಹುಕಾಲ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಗೆಲುವೂ ಇದೆ, ಸೋಲೂ ಇದೆ, ಎರಡನ್ನೂ ಹಾಡುವಷ್ಟು ದೊಡ್ಡ ಎದೆ ಪವರ್ ಮೆಟಲ್‌ಗಿದೆ.

ಶ್ರೀರಂಗಪಟ್ಟಣದಿಂದ ಹೋದ ಇನ್ನೊಂದು ವಸ್ತುವನ್ನೂ ಇಲ್ಲಿ ನೆನೆಯಬೇಕು. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿರುವ ಟಿಪ್ಪುವಿನ ಮರದ ಹುಲಿ ಒಂದು ವಾದ್ಯ. ಹಿಡಿಕೆ ತಿರುಗಿಸಿದರೆ ತಿದಿಯಿಂದ ಗಾಳಿ ಹೊರಟು, ಹುಲಿ ಗುರುಗುಟ್ಟುತ್ತದೆ, ಅದರ ಕೆಳಗೆ ಬಿದ್ದ ಸಿಪಾಯಿ ಚೀರುತ್ತಾನೆ. ಹುಲಿಯ ಪಕ್ಕೆಯೊಳಗೆ 18 ಮನೆಗಳ ಆರ್ಗನ್ ಕೂಡ ಉಂಟು. ಮಂದ್ರದ ಗರ್ಜನೆ ಮತ್ತು ತಾರದ ಚೀರು ಒಂದೇ ವಾದ್ಯದಲ್ಲಿ ಕೂಡಬಹುದೆಂದು ಇಲ್ಲಿ ಯಾರೋ ಇನ್ನೂರು ವರ್ಷದ ಹಿಂದೆಯೇ ಯೋಚಿಸಿದ್ದರು.

ಕ್ರಿಪ್ಟೋಸ್ ಹಾಡುವುದು ಇಂಗ್ಲಿಷಿನಲ್ಲಿ. ಅದು ಅವರ ಆಯ್ಕೆ, ಅವರು ಬೆಳೆದ ಪರಿಸರದ ಭಾಷೆ, ಅದಕ್ಕೆ ಆಕ್ಷೇಪವಿಲ್ಲ. ನನಗಿರುವುದು ಆಸೆ. ಬೆಂಗಳೂರಿಗೆ ಓದಲು ಹೋಗಿ ಗಿಟಾರ್ ಕಲಿತ ನಮ್ಮ ಹುಡುಗ ಹುಡುಗಿಯರು ಭಗಣದ ಓಟಕ್ಕೆ ಕನ್ನಡ ಕೂರಿಸಿ ನೋಡಬೇಕು. ಕನ್ನಡದ ಒತ್ತಕ್ಷರಗಳು, ಹಿಂದಿನ ಅಕ್ಷರವನ್ನು ಗುರುವಾಗಿಸುವ ಅವುಗಳ ಗುಣ, ಈ ಲಯಕ್ಕೆ ಹೇಳಿ ಮಾಡಿಸಿದ್ದು. ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಜನಪದ ರಾಕ್ ಆಗಿ ಲೋಕಕ್ಕೆ ಕೇಳಿಸಿದರು. ದಿಲ್ಲಿಯ ಬ್ಲಡಿವುಡ್ ತಂಡ ಹಿಂದಿ, ಪಂಜಾಬಿಯ ಮೆಟಲ್ ಹಿಡಿದು 2019ರಲ್ಲಿ ವಾಕೆನ್ ಮುಟ್ಟಿತು. ಮೆಟಲ್‌ಗೆ ಕನ್ನಡ ಒಗ್ಗದು ಎನ್ನಲು ಒಂದು ಕಾರಣವೂ ನನಗೆ ಕಾಣುತ್ತಿಲ್ಲ.

ಕೇಳಲು ಹೊರಟವರು 2016ರಿಂದ ಈಚಿನ ಆಲ್ಬಂಗಳನ್ನು ಮೊದಲು ಕೇಳಿ, ಆಮೇಲೆ ಹಿಂದಕ್ಕೆ ಹೋಗುವುದು ಒಳ್ಳೆಯದು. 'ಬರ್ನ್ ಅಪ್ ದಿ ನೈಟ್' ಆಲ್ಬಮ್ಮಿನ 'ಫುಲ್ ಥ್ರಾಟಲ್' ಮೊದಲಿಗಿರಲಿ. ಹಾಡಿನ ಹೆಸರೇ ಹೇಳುವಂತೆ ಬಂಡಿಯ ವೇಗ, ಹಿಡಿಯುವ ಪಲ್ಲವಿ. ಅದು ಹಿಡಿಸಿದರೆ 'ಡೆಸಿಮೇಟರ್' ಪೂರ್ತಿ ಕೇಳಿ. ಕಿವಿ ಪಳಗಿದ ಮೇಲೆ 2012ರ ಆಲ್ಬಮ್ಮಿನ 'ದಿ ಮಾಸ್ಕ್ ಆಫ್ ಅನುಬಿಸ್'ಗೆ ಹೋಗಬಹುದು, ಅಲ್ಲಿ ಒರಟುತನ ಹೆಚ್ಚು. ಫೋನಿನ ಸ್ಪೀಕರ್ ಸಾಲದು, ಮಂದ್ರವೆಲ್ಲ ಸೋರಿಹೋಗುತ್ತದೆ; ಒಳ್ಳೆಯ ಹೆಡ್‌ಫೋನ್ ಬೇಕು. ಮೊದಲ ಸಲ ಡ್ರಮ್ ಮಾತ್ರ ಹಿಡಿದು ಕೇಳಿ, ಎರಡನೆಯ ಸಲ ಎಡಗಿವಿಯ ಗಿಟಾರು, ಮೂರನೆಯ ಸಲ ಬಲಗಿವಿಯದು. ನಾಲ್ಕನೆಯ ಸಲಕ್ಕೆ ಎರಡೂ ತಾವಾಗಿ ಕೂಡಿಕೊಳ್ಳುತ್ತವೆ.