ಹೆಸರಿಲ್ಲದ ವರ್ಷಗಳು

ಕೊಪ್ಪಳದ ಪಾಲ್ಕಿಗುಂಡು ಬೆಟ್ಟದಲ್ಲಿ ಅಶೋಕನ ಶಾಸನವಿರುವುದನ್ನು ಬಲ್ಲವರು ಹಲವರು. ಅಲ್ಲಿಯೇ ಬಂಡೆಯ ಮೇಲೆ ಎರಡು ಪಾದಗಳನ್ನು ಕೊರೆದಿರುವುದನ್ನೂ ಅವುಗಳ ಕೆಳಗೆ ಹಳಗನ್ನಡದ ಚಿಕ್ಕ ಬರಹವಿರುವುದನ್ನೂ ಗಮನಿಸುವವರು ವಿರಳ. ಅವು ಜಟಾಸಿಂಗನಂದಿ ಆಚಾರ್ಯರ ಪಾದಗಳು. ಮಾಡಿಸಿದವನು ಚಾವಯ್ಯ ಎಂದು ಆ ಬರಹ ತಿಳಿಸುತ್ತದೆ. ‘ವರಾಂಗಚರಿತ’ವೆಂಬ ಸಂಸ್ಕೃತ ಮಹಾಕಾವ್ಯವನ್ನು ರಚಿಸಿದ ಆಚಾರ್ಯರು ಇವರೇ ಎಂಬುದು ವಿದ್ವಾಂಸರ ಅಭಿಮತ. 941ರಲ್ಲಿ ‘ಆದಿಪುರಾಣ’ವನ್ನು ಬರೆದ ಪಂಪನೂ ಜಟಾಚಾರ್ಯರನ್ನು ಸ್ಮರಿಸಿದ್ದಾನೆ. ಡಾ. ಆ.ನೇ. ಉಪಾಧ್ಯೆಯವರು 1938ರಲ್ಲಿ ಕಾವ್ಯವನ್ನು ಸಂಪಾದಿಸಿ ಬೆಳಕಿಗೆ ತಂದರು.

ಕವಿರಾಜಮಾರ್ಗವು ಮಹಾನಗರವೆಂದು ಹೆಸರಿಸಿದ, ಜೈನರಿಗೆ ಮಹಾತೀರ್ಥವಾಗಿದ್ದ ಕೊಪಣ ಇದೇ ಕೊಪ್ಪಳ. ಇಲ್ಲಿ ಪಾದಗಳನ್ನುಳಿಸಿದ ಆಚಾರ್ಯರ ಕಾವ್ಯದ ನಾಯಕ ಒಬ್ಬ ತರುಣನೆಂಬುದು ಇಂದಿನ ತಂದೆತಾಯಿಗಳು ಗಮನಿಸಬೇಕಾದ ಸಂಗತಿ.

ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮಕ್ಕಳು ಓದಿಗಾಗಿ ಧಾರವಾಡ, ಹುಬ್ಬಳ್ಳಿ, ಬೆಂಗಳೂರುಗಳಿಗೆ ತೆರಳುತ್ತಾರೆ. ಕಾಲೇಜಿನಲ್ಲಿರುವಷ್ಟು ಕಾಲ ಅವರಿಗೊಂದು ಗುರುತಿರುತ್ತದೆ: ಇಂಥ ಕಾಲೇಜು, ಇಂಥ ವರ್ಷ, ಇಂಥ ವಿಷಯ. ಅಂತಿಮ ಪರೀಕ್ಷೆ ಮುಗಿದ ದಿನವೇ ಆ ಗುರುತು ಕಳಚುತ್ತದೆ. ಕೆಲವರು ಸ್ಪರ್ಧಾತ್ಮಕ ಪರೀಕ್ಷೆಯ ಓದಿಗೆ ಕೂರುತ್ತಾರೆ. ಕೆಲವರು ಗಂಗಾವತಿಯ ಅಕ್ಕಿ ಗಿರಣಿಗೋ ಕುಷ್ಟಗಿಯ ಅಂಗಡಿಗೋ ಮರಳಿ, ತಂದೆಯ ಪಕ್ಕದಲ್ಲಿ ಲೆಕ್ಕದ ಪುಸ್ತಕ ಹಿಡಿಯುತ್ತಾರೆ. ಮದುವೆ ಮನೆಯಲ್ಲಿ, ಬಸದಿಯ ಪೂಜೆಯಲ್ಲಿ ಹಿರಿಯರು ಕೇಳುವ ಪ್ರಶ್ನೆ ಒಂದೇ: ‘ಈಗ ಏನ್ ಮಾಡಾಕತ್ತೀಯಪಾ?’ ಕೇಳುವವರ ದನಿಯಲ್ಲಿ ವಾತ್ಸಲ್ಯವೇ ಇರುತ್ತದೆ. ಉತ್ತರಿಸುವವನಿಗೆ ಮಾತ್ರ ಅದು ಮುಳ್ಳು. ಜೊತೆಗಾರರು ಚದುರಿರುತ್ತಾರೆ. ಸಾಲದ ಕಂತು ಆರಂಭವಾಗಿರುತ್ತದೆ. ತಾನು ಯಾರೆಂದು ಒಂದು ಮಾತಿನಲ್ಲಿ ಹೇಳಲಾಗದ ಈ ನಾಲ್ಕೈದು ವರ್ಷಗಳು ಯೌವನದ ಅತಿ ಕಠಿಣ ಕಾಲ.

ವರಾಂಗನೂ ಅಂಥ ವರ್ಷಗಳನ್ನು ಕಂಡವನು. ಉತ್ತಮಪುರದ ಧರ್ಮಸೇನ ಮಹಾರಾಜನ ಮಗನಾದ ಅವನು ವರದತ್ತ ಮುನಿಗಳಿಂದ ಅಣುವ್ರತಗಳನ್ನು ಸ್ವೀಕರಿಸಿದ್ದ. ಯುವರಾಜ ಪಟ್ಟವೂ ಒಲಿಯಿತು. ಮಲತಾಯಿಗೂ ಅವಳ ಮಗ ಸುಷೇಣನಿಗೂ ಇದು ಸಹ್ಯವಾಗಲಿಲ್ಲ. ಅವರ ಪರ ನಿಂತ ಮಂತ್ರಿ ಎರಡು ಕುದುರೆಗಳನ್ನು ಪಳಗಿಸಿದ. ಒಂದಕ್ಕೆ ನೇರ ಶಿಕ್ಷಣ, ಇನ್ನೊಂದಕ್ಕೆ ವಿಪರೀತ ಶಿಕ್ಷಣ: ಲಗಾಮು ಎಳೆದಷ್ಟೂ ಅದು ಓಡುತ್ತದೆ. ಎರಡನೆಯದನ್ನೇರಿದ ವರಾಂಗ ಕಾಡಿನ ಪಾಲಾದ. ಕುದುರೆಯೊಡನೆ ಪಾಳುಬಾವಿಗೆ ಬಿದ್ದು, ಬಳ್ಳಿ ಹಿಡಿದು ಮೇಲೆ ಬಂದ. ಹುಲಿಗೆ ಹೆದರಿ ಮರದ ಮೇಲೆ ಇರುಳು ಕಳೆದ. ಇಂದಿನ ತರುಣನ ಕೈಯಲ್ಲಿರುವ ಮೊಬೈಲು, ಕ್ರೆಡಿಟ್ ಕಾರ್ಡುಗಳನ್ನು ಕಂಡಾಗ ಆ ಎರಡನೆಯ ಕುದುರೆ ನೆನಪಾದರೆ ಆಶ್ಚರ್ಯವಿಲ್ಲ.

ಕಾಡಿನಲ್ಲಿ ಅವನ ಬಳಿ ಕಿರೀಟವಿರಲಿಲ್ಲ, ಪರಿವಾರವಿರಲಿಲ್ಲ, ತಂದೆಯ ಹೆಸರೂ ನೆರವಿಗೆ ಬರಲಿಲ್ಲ. ಯಕ್ಷಿಯೊಬ್ಬಳು ಸುಂದರಿಯ ರೂಪ ತಾಳಿ, ತನ್ನನ್ನು ವರಿಸೆಂದು ಪರೀಕ್ಷಿಸಿದಾಗ, ಸ್ವದಾರ ಸಂತೋಷವ್ರತವುಳ್ಳವನು ತಾನೆಂದು ಅವನು ನಿರಾಕರಿಸಿದ. ಅಲ್ಲಿ ನೋಡುವವರಾರೂ ಇರಲಿಲ್ಲ. ಮುಂದೆ ಸಾಗರವೃದ್ಧಿಯೆಂಬ ವರ್ತಕನ ಸಾರ್ಥವನ್ನು ಪುಳಿಂದರಿಂದ ಕಾಪಾಡಿದನಾದರೂ ಅವನು ತನ್ನ ಕುಲಗೋತ್ರಗಳನ್ನು ಹೇಳಿಕೊಳ್ಳಲಿಲ್ಲ. ಜನ ಅವನನ್ನು ‘ಕಶ್ಚಿದ್ಭಟ’ ಎಂದು ಕರೆದರು; ಎಂದರೆ ‘ಯಾರೋ ಒಬ್ಬ ಭಟ’. ರಾಜಪುತ್ರನು ಲಲಿತಪುರದ ವರ್ತಕರ ನಡುವೆ ಆ ಹೆಸರಿನಿಂದಲೇ ಬಾಳಿದ. ಹೆಸರಿಲ್ಲದ ವರ್ಷಗಳಲ್ಲಿ ಅವನ ಬಳಿ ಉಳಿದದ್ದು ಮುನಿಗಳೆದುರು ಸ್ವೀಕರಿಸಿದ ವ್ರತಗಳಷ್ಟೇ. ಸುಖದ ದಿನಗಳಲ್ಲಿ ಅವನ್ನು ಪಡೆದಿದ್ದುದರಿಂದಲೇ ಕಷ್ಟದ ದಿನಗಳಲ್ಲಿ ಅವು ಕೈಗೆ ಸಿಕ್ಕವು.

ನೆಲೆನಿಂತವನ ಪರೀಕ್ಷೆ ಬೇರೆ ಬಗೆಯದು. ಹಾಸ್ಟೆಲಿನ ಕೋಣೆಯಲ್ಲಿ ಒಂದು ಪೆಟ್ಟಿಗೆ, ಕೆಲವು ಪುಸ್ತಕಗಳಿದ್ದವನಿಗೆ ನಲವತ್ತರ ಹೊತ್ತಿಗೆ ಮನೆ, ಹೊಲ, ಚಿನ್ನ, ಗೋದಾಮು, ಆಳುಗಳಿರುತ್ತಾರೆ. ಗೃಹಸ್ಥನ ಐದನೆಯ ಅಣುವ್ರತವಾದ ಪರಿಗ್ರಹ ಪರಿಮಾಣದ ಅತಿಚಾರಗಳನ್ನು ತತ್ತ್ವಾರ್ಥಸೂತ್ರ ಹೆಸರಿಸುವ ಕ್ರಮವನ್ನು ನೋಡಬೇಕು: ಹೊಲಮನೆ, ಬೆಳ್ಳಿಬಂಗಾರ, ಪಶುಧಾನ್ಯ, ದಾಸದಾಸಿಯರು, ಬಟ್ಟೆಪಾತ್ರೆ. ಇವುಗಳಲ್ಲಿ ತಾನೇ ಹಾಕಿಕೊಂಡ ಮಿತಿಯನ್ನು ದಾಟುವುದೇ ದೋಷ. ಹೊಲ ಹೊಂದಬಾರದೆಂದು ಸೂತ್ರ ಗೃಹಸ್ಥನಿಗೆ ಹೇಳುವುದಿಲ್ಲ. ಎಷ್ಟು ಸಾಕೆಂಬುದನ್ನು ಮೊದಲೇ ನಿಶ್ಚಯಿಸೆನ್ನುತ್ತದೆ. ಆ ‘ಮೊದಲೇ’ ಎಂಬುದರಲ್ಲಿ ವಿವೇಕವಿದೆ. ಮೊದಲ ಸಂಬಳ ಬಂದ ತಿಂಗಳು ಮಿತಿ ಹಾಕಿಕೊಳ್ಳುವುದು ಸುಲಭ; ಮೂರನೆಯ ನಿವೇಶನ ಕೊಂಡ ಮೇಲೆ ಕಷ್ಟ. ಚಾತುರ್ಮಾಸ್ಯದಲ್ಲಿ ಮುನಿಗಳ ದರ್ಶನಕ್ಕೆ ಹೋಗುವ ಗೃಹಸ್ಥರು ತಮ್ಮ ಓದು ಮುಗಿಸಿದ ಮಕ್ಕಳನ್ನೂ ಜೊತೆಗೆ ಕರೆದೊಯ್ಯಬೇಕು. ವ್ರತವೆಂದರೆ ಮುಪ್ಪಿನ ವಿಷಯವೆಂಬ ಭಾವನೆ ನಮ್ಮ ಮನೆಗಳಲ್ಲಿ ಏಕೋ ಬೇರೂರಿದೆ.

ವರಾಂಗನಿಗೂ ಒಳ್ಳೆಯ ದಿನ ಬಂತು. ಮಥುರೆಯ ಇಂದ್ರಸೇನ ಲಲಿತಪುರದ ಮೇಲೆ ಏರಿಬಂದಾಗ ಯುದ್ಧದಲ್ಲಿ ಗೆಲುವು ತಂದವನು ಕಶ್ಚಿದ್ಭಟನೇ. ದೇವಸೇನ ರಾಜ ಮಗಳನ್ನೂ ಅರ್ಧ ರಾಜ್ಯವನ್ನೂ ಕೊಟ್ಟ. ಇತ್ತ ಸುಷೇಣ ಶತ್ರುವಿಗೆ ಸೋತು, ಧರ್ಮಸೇನ ನೆರವು ಬೇಡಿದಾಗ ವರಾಂಗ ಸೈನ್ಯದೊಡನೆ ಹೋಗಿ ತಂದೆಯನ್ನು ಕಾಪಾಡಿದ. ಆಗ ಅವನ ನಿಜವಾದ ಹೆಸರು ಎಲ್ಲರಿಗೂ ತಿಳಿಯಿತು. ಮಲತಾಯಿ, ಸುಷೇಣ, ಮಂತ್ರಿ ಮೂವರನ್ನೂ ಅವನು ಕ್ಷಮಿಸಿದ. ಉತ್ತಮಪುರದ ಸಿಂಹಾಸನಕ್ಕಾಗಿ ತಮ್ಮನೊಡನೆ ಜಗಳಕ್ಕಿಳಿಯಲಿಲ್ಲ. ತಂದೆಯ ಅನುಮತಿ ಪಡೆದು, ಸರಸ್ವತೀ ನದಿಯ ತೀರದಲ್ಲಿ ಆನರ್ತಪುರವೆಂಬ ಹೊಸ ಊರನ್ನು ಕಟ್ಟಿಸಿ ಅಲ್ಲಿ ಆಳತೊಡಗಿದ. ಕಾಡಿನಿಂದ ಬಂದ ಹೆಸರಿಲ್ಲದವನನ್ನು ಮಗನಂತೆ ಕಂಡಿದ್ದ ಸಾಗರವೃದ್ಧಿಗೆ ವಿದರ್ಭದ ಒಡೆತನವನ್ನಿತ್ತ.